ಎರಡು ದಿನದ ಜ್ವರ

ಆಗಸ್ಟ್ ೧೮, ಸೋಮವಾರ. ಕೊಪ್ಪಳ, ಆಸ್ಪತ್ರೆಯ ಪಡಸಾಲೆ

ಡಾಕ್ಟರು ರೌಂಡ್ಸಿಗೆ ಬಂದರೆಂದು ರೋಗಿಗಳ ಕಡೆಯವರನ್ನೆಲ್ಲ ವಾರ್ಡಿನಿಂದ ಹೊರಗೆ ಹಾಕಿದ್ದಾರೆ. ಒಂದು ತಾಸು ಏನು ಮಾಡಲಿ? ಚೀಲದಲ್ಲಿ ಅಂಗನವಾಡಿಯ ಹಳೇ ಹಾಜರಿ ಪುಸ್ತಕ ಇತ್ತು, ಹಿಂದಿನ ಹಾಳೆಗಳು ಖಾಲಿ ಇವೆ. ಯಾರ ಮೇಲಾದರೂ ಸಿಟ್ಟು ಕಾರಲೇಬೇಕು. ಸದ್ಯಕ್ಕೆ ಕೈಗೆ ಸಿಕ್ಕದ್ದು ಈ ಹಾಳೆಗಳೇ.

ಮುದುಕಿಯನ್ನು ನಿನ್ನೆ ಮಧ್ಯಾಹ್ನ ತಂದು ಸೇರಿಸಿದೆ. ಮುದುಕಿ ಎಂದರೆ ಪಾರಮ್ಮ, ನನ್ನ ಗಂಡನ ತಾಯಿ. ಹನ್ನೊಂದು ವರ್ಷದಿಂದ ನಾನು ಅವಳ ಜೊತೆ ಮಾತು ಬಿಟ್ಟಿದ್ದೇನೆ, ಅವಳೂ ನನ್ನ ಜೊತೆ ಬಿಟ್ಟಿದ್ದಾಳೆ. ಒಂದೇ ಒಲೆ, ಒಂದೇ ಬಚ್ಚಲು, ಮಾತು ಮಾತ್ರ ಇಲ್ಲ. ಹೇಳಲೇಬೇಕಾದದ್ದನ್ನು ಎಮ್ಮೆಗೆ ಹೇಳುತ್ತೇವೆ. "ಜ್ವಾಳದ ಹಿಟ್ಟ ಮುಗದೈತವಾ" ಎಂದು ಅವಳು ಎಮ್ಮೆಯ ಮೈ ತಿಕ್ಕುತ್ತ ಹೇಳುತ್ತಾಳೆ, ನಾನು ಗಿರಣಿಗೆ ಹೋಗಿ ಬರುತ್ತೇನೆ. ನಾಳೆ ಡೇರಿಗೆ ರಜೆ ಎಂದು ನಾನು ಎಮ್ಮೆಗೆ ಹೇಳುತ್ತೇನೆ, ಅವಳು ಹಾಲಿಗೆ ಹೆಪ್ಪು ಹಾಕುತ್ತಾಳೆ. ಊರವರು ನಗುತ್ತಾರೆ. ನಗಲಿ, ಅವರ ಮನೆಯಲ್ಲೇನು ಎಲ್ಲ ನೆಟ್ಟಗಿದೆಯೆ.

ಮಾತು ಸುಮ್ಮನೆ ಬಿಟ್ಟದ್ದಲ್ಲ. ಆ ವರ್ಷ ಇದೇ ಹಂಗಾಮಿನಲ್ಲಿ, ಯಲಬುರ್ಗಾ ಕಡೆಯ ನನ್ನ ತವರಿನಲ್ಲಿ ಅವ್ವ ಜ್ವರ ಬಂದು ಮಲಗಿದಳು. ತಮ್ಮ ಯಮನೂರ ಫೋನ್ ಮಾಡಿದ. ಮನೆಗೆಲ್ಲ ಆಗ ಇದ್ದದ್ದು ಒಂದೇ ಫೋನು, ಎತ್ತಿದವಳು ಈ ಮುದುಕಿ. ನನಗೆ ಹೇಳಲೇ ಇಲ್ಲ. ನಾನು ಮೊಣಕಾಲುದ್ದ ಕೆಸರಿನಲ್ಲಿ ನೆಲ್ಲು ಹಚ್ಚುತ್ತಿದ್ದೆ. ನಾಲ್ಕನೇ ದಿನ ಯಮನೂರನೇ ಬಂದು ಬದುವಿನ ಮೇಲೆ ನಿಂತ. ಅವನ ಮುಖ ನೋಡಿಯೇ ಅವ್ವ ಹೋದಳೆಂದು ತಿಳಿಯಿತು. ತವರಿಗೆ ಹೋಗಿ ಅವ್ವನ ದಿನಕರ್ಮ ಎಲ್ಲ ಮುಗಿಸಿ ಬಂದು, ಯಾಕೆ ಹೇಳಲಿಲ್ಲವೆಂದು ಮುದುಕಿಯನ್ನು ಕೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೆ ಉತ್ತರ ಇಲ್ಲ.

ಅದಕ್ಕೇ ಅವಳು ಸಾಯಬಾರದು. ಕರುಣೆ ಗಿರುಣೆ ಏನಿಲ್ಲ. ನನಗೆ ಉತ್ತರ ಬರಬೇಕು, ಅದನ್ನು ಕೊಡದೆ ಅವಳನ್ನು ಹೋಗಲು ಬಿಡುವುದಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎಕ್ಸ್‌ರೇ ನೋಡಿ ಎರಡೂ ಕಡೆ ನ್ಯುಮೋನಿಯಾ ಆಗಿದೆ, ಫ್ಲೂ ಇರಬೇಕು ಎಂದಳು. ಗಂಟಲಿನಿಂದ ಕಡ್ಡಿಯಲ್ಲಿ ತೆಗೆದದ್ದು ಪರೀಕ್ಷೆಗೆ ಹೋಗಿದೆ, ವರದಿಗೆ ಎರಡು ಮೂರು ದಿನ ಬೇಕು. ಆದರೆ ವೈರಸ್ಸಿನ ಕ್ಯಾಪ್ಸೂಲನ್ನು ನಿನ್ನೆ ಸಂಜೆಯೇ ಶುರು ಮಾಡಿದರು. ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ. ಏನು ರೋಗವೆಂದೇ ಗೊತ್ತಿಲ್ಲದೆ ಗುಳಿಗೆ ಹೇಗೆ ಕೊಡುತ್ತೀರಿ ಎಂದು ನಾನು ಜಗಳಕ್ಕೇ ನಿಂತೆ. ಆಸ್ಪತ್ರೆ ಸೇರುವಷ್ಟು ಜೋರಾದ ಮೇಲೆ ವರದಿ ಕಾಯುತ್ತ ಕೂರುವಂತಿಲ್ಲ, ಈ ಔಷಧ ಎಷ್ಟು ಬೇಗ ಹೊಟ್ಟೆಗೆ ಬಿದ್ದರೆ ಅಷ್ಟು ಒಳ್ಳೆಯದು, ಮೊದಲ ಎರಡು ದಿನದಲ್ಲಾದರೆ ಇನ್ನೂ ಒಳ್ಳೆಯದು ಎಂದಳು. ಆಮೇಲೆ ಕೇಳಿದಳು, "ಜ್ವರ ಬಂದು ಎಷ್ಟು ದಿನ ಆಯ್ತು?"

"ಎರಡ ದಿನರಿ" ಎಂದೆ.

ಸುಳ್ಳು. ಆರು ದಿನ ಆಗಿತ್ತು. ಹೋದ ಮಂಗಳವಾರ ಮುಂಜಾನೆ ಮುದುಕಿ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಕೂತು, "ಎದ್ಯಾಗ ಕಲ್ಲ ಇಟ್ಟಂಗ ಆಗೈತವಾ, ಇವತ್ತ ಹಾಲ ಹಿಂಡಾಕ ಆಗವಲ್ದು" ಎಂದಿದ್ದಳು. ನಾನು ಮೂರು ಮಾರು ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಚೆನ್ನಾಗಿಯೇ ಕೇಳಿಸಿತು. ನೆಗಡಿ ಬಂದರೆ ಯಾರೂ ಸಾಯುವುದಿಲ್ಲ ಎಂದು ನಾನೂ ಎಮ್ಮೆಗೇ ಹೇಳಿ ಅಂಗನವಾಡಿಗೆ ಹೋದೆ. ಅಲ್ಲಿ ತಾಯಂದಿರನ್ನು ಸಾಲಾಗಿ ಕೂರಿಸಿಕೊಂಡು, ಜ್ವರದ ಜೊತೆ ಉಸಿರು ಜೋರಾದರೆ ಕಷಾಯ ಕುದಿಸುತ್ತ ಕೂರಬೇಡಿ, ದವಾಖಾನೆಗೆ ನಡೆಯಿರಿ ಎಂದು ಪಾಠ ಮಾಡಿದೆ. ಶನಿವಾರ ರಾತ್ರಿ ಉಗುರು ನೀಲಿಯಾದದ್ದನ್ನು ನೋಡಿದವಳು ನನ್ನ ಮಗಳು, ನಾನಲ್ಲ.

ಆದರೆ ಅವಳು ನನಗೆ ಹೇಳಲಿಲ್ಲ, ಎಮ್ಮೆಗೆ ಹೇಳಿದಳು. ತಪ್ಪು ಅವಳದೇ.

ಆಗಸ್ಟ್ ೧೯, ಮಂಗಳವಾರ

ನಾದಿನಿ ಸುಂಕಲಮ್ಮ ಕನಕಗಿರಿಯಿಂದ ಬಂದಿದ್ದಳು. ಬಾಗಿಲಲ್ಲೇ ಅಳು ಶುರು. ತಾಯಿಯ ಕಾಲು ಹಿಡಿದು ಅತ್ತಳು, ಹಾಸಿಗೆಯ ಕಂಬಿ ಹಿಡಿದು ಅತ್ತಳು, ನಮ್ಮವ್ವನನ್ನು ನೋಡಿಕೊಳ್ಳುವ ದಿಕ್ಕೇ ಇಲ್ಲದೆ ಹೋಯಿತು ಎಂದು ವಾರ್ಡಿಗೆಲ್ಲ ಕೇಳಿಸುವಂತೆ ಅತ್ತಳು. ಹಾಗಾದರೆ ಎರಡು ದಿನ ನೀನೇ ಇದ್ದು ನೋಡಿಕೋ ಎಂದೆ. ಅಳು ನಿಂತಿತು. ನಾಳೆ ಸಂತೆಯಂತೆ, ಆಡು ಕಟ್ಟುವವರಿಲ್ಲವಂತೆ. ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ದುರಗೇಶ ಫೋನ್ ಮಾಡಿದ್ದ. ನನ್ನ ಗಂಡ, ಟ್ರ್ಯಾಕ್ಟರ್ ಓಡಿಸುತ್ತಾನೆ. ಗಂಗಾವತಿ ಸುತ್ತ ಎಲ್ಲ ಕಡೆ ನಾಟಿ ನಡೆದಿದೆ, ಗದ್ದೆ ಕೆಸರು ಮಾಡಲು ದಿನಕ್ಕೆ ಹತ್ತು ಜನ ಕರೆಯುತ್ತಾರಂತೆ. "ಅವ್ವ ಹೆಂಗದಾಳ?" ಎನ್ನುತ್ತಾನೆ. ಬಂದು ನೋಡು ಎಂದರೆ ಫೋನ್ ಇಟ್ಟುಬಿಡುತ್ತಾನೆ. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಕೂತು ರೊಟ್ಟಿ ತಿಂದು ಕೈ ತೊಳೆದುಕೊಂಡು ಎದ್ದವನು. ಒಂದು ದಿನ, ಒಂದೇ ಒಂದು ದಿನ, ಯಾಕವ್ವ ಹೇಳಲಿಲ್ಲ ಎಂದು ತಾಯಿಯನ್ನು ಕೇಳಲಿಲ್ಲ. ನನ್ನ ಸಿಟ್ಟಿನಲ್ಲಿ ಅವನ ಪಾಲೂ ಇದೆ, ಅದನ್ನು ಬೇರೆಯಾಗಿಯೇ ಕೊಡುತ್ತೇನೆ.

ಇಲ್ಲಿ ಎಮ್ಮೆ ಇಲ್ಲ. ಮುದುಕಿ ಮಾಸ್ಕಿನೊಳಗಿಂದ ನರ್ಸ್ ಹೇಮಾವತಿಗೆ ಹೇಳುತ್ತಾಳೆ, ಆಕೆಗೆ ಉಂಡು ಬಾ ಅಂತ ಹೇಳವ್ವಾ ಎಂದು. ನಾನು ಪಕ್ಕದ ಹಾಸಿಗೆಯ ಸರ್ದಾರಬೀಗೆ ಹೇಳುತ್ತೇನೆ, ನೀರು ಕುಡಿಯಬೇಕಂತೆ ಹೇಳಿರಿ ಎಂದು. ಸರ್ದಾರಬೀ ಕುಷ್ಟಗಿಯವರು, ತಮ್ಮ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಾರೆ. ಮೊದಲ ದಿನ ಮುದುಕಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ಪಾಪ ಗಂಟಲು ಹರಿದುಕೊಂಡು ಕೂಗಿದರು. ಆಮೇಲೆ ವಿಷಯ ತಿಳಿದು ನನ್ನನ್ನು ಒಂಥರಾ ನೋಡಿದರು. ನೋಡಲಿ.

ಆಕ್ಸಿಜನ್ ನಿನ್ನೆಗಿಂತ ಹೆಚ್ಚು ಹಚ್ಚಿದ್ದಾರೆ. ಕ್ಯಾಪ್ಸೂಲು ಕೊಡುವಾಗ ಹೇಮಾವತಿ ಪ್ರತಿ ಸಲ ಮುದುಕಿಗೆ ತಾಕೀತು ಮಾಡುತ್ತಾಳೆ, ನಿಮ್ಮ ಹೆಸರಿಗೆ ಇರುವುದು ಹತ್ತೇ ಹತ್ತು, ಒಂದನ್ನೂ ತಪ್ಪಿಸುವಂತಿಲ್ಲ ಎಂದು. ಅಂಗೈ ಮೇಲೆ ಇಡುತ್ತಾಳೆ. ಮುದುಕಿ ಮಾಸ್ಕ್ ಸರಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ. ಅಷ್ಟಕ್ಕೇ ಏದುಸಿರು.

ನಿನ್ನೆ ಸಂಜೆಯಿಂದ ನನಗೂ ಕೆಮ್ಮು ಹತ್ತಿದೆ. ಈ ಮುದುಕಿಯಿಂದ ನನಗೆ ಬಂದದ್ದು ಇದೊಂದೇ ಆಸ್ತಿ.

ಆಗಸ್ಟ್ ೨೦, ಬುಧವಾರ. ಬೆಳಿಗ್ಗೆ

ವರದಿ ಬಂತು. ಫ್ಲೂ ಹೌದು.

ಡಾಕ್ಟರಮ್ಮನಿಗೆ ಚಿಂತೆ ಹತ್ತಿದೆ. ನನ್ನನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡು ಹೇಳಿದಳು. ನೀವು ಎರಡೇ ದಿನಕ್ಕೆ ಕರೆತಂದಿರಿ, ಒಳ್ಳೆಯದು ಮಾಡಿದಿರಿ, ಹಳ್ಳಿಯಿಂದ ಇಷ್ಟು ಬೇಗ ಬರುವವರು ಕಡಿಮೆ. ಔಷಧ ಶುರುವಾಗಿ ಮೂರು ದಿನ ಆಗುತ್ತಾ ಬಂತು, ಇಷ್ಟೊತ್ತಿಗೆ ರೋಗ ಸ್ವಲ್ಪವಾದರೂ ಹಿಡಿತಕ್ಕೆ ಬರಬೇಕಿತ್ತು. ಬರುತ್ತಿಲ್ಲ ಎಂದರೆ ಬೇರೆ ಏನೋ ಇರಬೇಕು. ನಾಳೆಯೂ ಹೀಗೇ ಆದರೆ ಹುಬ್ಬಳ್ಳಿಗೆ ಕಳಿಸಬೇಕಾಗುತ್ತದೆ, ವೆಂಟಿಲೇಟರ್ ಬೇಕಾಗಬಹುದು, ಆದರೆ ದಾರಿಯಲ್ಲಿ ಜೀವ ತಡೆಯುತ್ತದೋ ಇಲ್ಲವೋ ಹೇಳಲಾಗದು.

ಒಳ್ಳೆಯದು ಮಾಡಿದಿರಿ ಎಂದಳಲ್ಲ, ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಬಾಯಿ ತೆರೆದೆ. ಆಗಲೇ ಯಾರೋ ಕೂಗಿದರು, ಅವಳು ಎದ್ದು ಓಡಿದಳು. ಓಡಿದ್ದೇ ಒಳ್ಳೆಯದಾಯಿತು ಅನ್ನಿಸಿತು. ಥೂ, ಎಂಥ ಜನ್ಮ ನನ್ನದು.

ಅದೇ ದಿನ, ಮಧ್ಯಾಹ್ನ



ಮುದುಕಿಯ ಸೀರೆ ಬೆವರಿನಿಂದ ತೊಯ್ದಿತ್ತು. ಬದಲಿಸೋಣವೆಂದು ಹೇಮಾವತಿ ಪರದೆ ಎಳೆದಳು. ಸೆರಗಿನ ತುದಿಯಲ್ಲಿ ಗಂಟು ಇತ್ತು, ಚಿಲ್ಲರೆ ಇದ್ದರೆ ತೆಗೆದಿಡೋಣ ಎಂದು ಬಿಚ್ಚಿದೆ. ಮೂರು ಕ್ಯಾಪ್ಸೂಲು. ನಿನ್ನೆಯವು ಎರಡು, ಇವತ್ತು ಬೆಳಗಿನದು ಒಂದು. ಬಾಯಿಗೆ ಹಾಕಿಕೊಂಡಂತೆ ಮಾಡಿ, ಮುಷ್ಟಿಯಲ್ಲಿ ಉಳಿಸಿಕೊಂಡು, ಬರೀ ನೀರು ಕುಡಿದಿದ್ದಾಳೆ. ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದಾಳೆ.

ಯಾಕಮ್ಮಾ ಹೀಗೆ ಮಾಡಿದಿರಿ ಎಂದು ಹೇಮಾವತಿ ಕೇಳಿದಳು. ಮುದುಕಿ ನನ್ನ ಕಡೆ ನೋಡಲಿಲ್ಲ. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳಿದಳು, "ಆಕಿಗಿ ಕೆಮ್ಮ ಹತ್ತೈತಿ. ಹತ್ತ ಅದಾವಂತಿ, ನನಗ ಅಷ್ಟ್ಯಾಕ ಬೇಕ. ಆಕಿ ಮಲಗಿದ್ರ ಕೂಸಿನ್ನ ಯಾರ ನೋಡ್ತಾರ? ಆಕಿಗಿ ಕೊಡವಾ ಅವನ್ನ."

ನನಗೆ ಸಿಟ್ಟು ನೆತ್ತಿಗೇರಿತು. "ನಿನಗೇನ ತಲಿಗಿಲಿ ಕೆಟ್ಟೈತೇನ?" ಎಂದೆ. "ಯಾರ ಕೇಳಿದ್ರ ನಿನ್ನ ಗುಳಗಿ? ನಾ ಕೇಳಿದ್ನೇನ? ನಿನ್ನ ಇಲ್ಲಿತನಕ ಸಾಯಾಕ ಕರಕೊಂಡ ಬಂದೀನೇನ? ನಮ್ಮವ್ವನ ಸುದ್ದಿ ಯಾಕ ಮುಚ್ಚಿಟ್ಟಿ ಅಂತ ನನಗ ಹೇಳಬೇಕ ನೀನು. ಹೇಳೂತನಕ ಸಾಯಂಗಿಲ್ಲ, ತಿಳೀತಿಲ್ಲೊ?" ಇನ್ನೂ ಏನೇನೋ ಅಂದೆ, ನೆನಪಿಲ್ಲ. ವಾರ್ಡೆಲ್ಲ ತಿರುಗಿ ನೋಡುತ್ತಿತ್ತು. ಮುದುಕಿ ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದಳು. ಹೇಮಾವತಿ ರಟ್ಟೆ ಹಿಡಿದು ಹೊರಗೆ ತಂದು ಬಿಟ್ಟಳು.

ಅಲ್ಲಿಂದ ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದೆ. ಮೂರೂ ಕ್ಯಾಪ್ಸೂಲು ಮೇಜಿನ ಮೇಲಿಟ್ಟೆ. ಆಮೇಲೆ ಅದನ್ನೂ ಹೇಳಿದೆ, ಎರಡು ದಿನ ಅಲ್ಲ, ಆರು ದಿನ ಎಂದು. ಅವಳು ಬಯ್ಯುತ್ತಾಳೆಂದು ಕಾದೆ. ಅವಳು ಪೆನ್ನು ಕೆಳಗಿಟ್ಟಳು.

"ಆರನೇ ದಿನಕ್ಕೆ ಬಂದಿದ್ದೇವೆ ಅಂದಿದ್ದರೂ ನಾನು ಈ ಔಷಧ ಕೊಟ್ಟೇ ಕೊಡ್ತಿದ್ದೆ" ಎಂದಳು. "ಸುಳ್ಳು ಯಾಕೆ ಬೇಕಾಗಿತ್ತು ನಿಮಗೆ?"

 ಮೂರೂ ಕ್ಯಾಪ್ಸೂಲನ್ನು ಅವಳ ಕಡೆ ಇನ್ನಷ್ಟು ಸರಿಸಿದೆ.

ಅವಳು ಹಾಳೆ ತೆಗೆದುಕೊಂಡು ಎಲ್ಲವನ್ನೂ ಹೊಸದಾಗಿ ಬರೆದಳು. ಇವತ್ತು ಸಂಜೆಯಿಂದ ಮತ್ತೆ ಐದು ದಿನ, ಹತ್ತು ಕ್ಯಾಪ್ಸೂಲು, ಒಂದೂ ತಪ್ಪಬಾರದು. ನ್ಯುಮೋನಿಯಾದ ಇಂಜೆಕ್ಷನ್ನುಗಳೂ ಮುಂದುವರಿಯುತ್ತವೆ. ಮೂರು ಹೊತ್ತು ಹೋದದ್ದು ಹೋಯಿತು, ಇನ್ನು ಏನಾಗುತ್ತದೋ ನಾಳೆ ನೋಡೋಣ ಎಂದಳು. ಕಡೆಗೆ ನನ್ನ ಎದೆಯನ್ನೂ ಸ್ಟೆತಾಸ್ಕೋಪಿನಿಂದ ನೋಡಿದಳು. ನನಗೆ ಉಸಿರಿನ ತೊಂದರೆ ಇಲ್ಲ, ಬೇರೆ ಕಾಯಿಲೆ ಇಲ್ಲ, ಆ ಕ್ಯಾಪ್ಸೂಲು ಬೇಕೇ ಇಲ್ಲವಂತೆ. ಮಾಸ್ಕ್ ಹಾಕಿಕೊಂಡಿರಿ, ಜ್ವರ ಬಂದರೆ ಹೇಳಿರಿ ಎಂದಳು. ಬೇಡವಾದ ಗುಳಿಗೆಗಾಗಿ ಸಾಯಲು ಹೊರಟಿದ್ದಾಳೆ ಇವಳು. ಎಂಥ ಹೆಂಗಸೋ.

ಆಗಸ್ಟ್ ೨೧, ಗುರುವಾರ

ಹುಬ್ಬಳ್ಳಿಗೆ ಕಳಿಸುವ ಮಾತು ಬೆಳಿಗ್ಗೆ ಎರಡು ಸಲ ಆಯಿತು. ಆಂಬುಲೆನ್ಸಿಗೆ ಹೇಳಿಟ್ಟಿದ್ದಾರೆ. ಸಂಜೆಯವರೆಗೆ ನೋಡೋಣ ಎಂದಿದ್ದಾರೆ.

ಕ್ಯಾಪ್ಸೂಲು ಈಗ ನಾನೇ ಕೊಡುತ್ತೇನೆ, ಹೇಮಾವತಿ ಎದುರಿಗೆ ನಿಲ್ಲುತ್ತಾಳೆ. ಅತ್ತೆಗೆ ನುಂಗಲು ಶಕ್ತಿ ಇಲ್ಲ. ತಲೆ ಎತ್ತಿ ಹಿಡಿದರೆ ಕೊರಳು ಕೂಸಿನದರಂತೆ ವಾಲುತ್ತದೆ.

ಮಂಗಳವಾರದಿಂದ ಶನಿವಾರ. ಬೆರಳು ಮಡಿಸಿ ಎಣಿಸಿದೆ. ಐದು ದಿನ ಅವಳ ಮುಂದೆಯೇ ಓಡಾಡಿದ್ದೇನೆ. ಬೇರೆ ಯಾರ ಮೇಲೂ ಇವತ್ತು ಸಿಟ್ಟು ಬರುತ್ತಿಲ್ಲ.

ಆಗಸ್ಟ್ ೨೨, ಶುಕ್ರವಾರ

ಹುಬ್ಬಳ್ಳಿ ಸದ್ಯಕ್ಕೆ ತಪ್ಪಿತು. ರಾತ್ರಿ ಇದ್ದಷ್ಟೇ ಆಕ್ಸಿಜನ್ನಿನಲ್ಲಿ ಬೆರಳಿನ ಯಂತ್ರ ಬೆಳಿಗ್ಗೆ ತೊಂಬತ್ತೆರಡು ತೋರಿಸಿತು. ಡಾಕ್ಟರಮ್ಮ ನಗಲಿಲ್ಲ, ಆದರೆ ಒಂದು ಲೀಟರ್ ಕಡಿಮೆ ಮಾಡಿಸಿದಳು.

ಜೀವ ಬಂದದ್ದೇ ತಡ, ಅತ್ತೆಯ ಕಾಟ ಶುರುವಾಗಿದೆ. ಗಂಜಿ ಬೇಡವಂತೆ, ಉಪ್ಪಿಲ್ಲವಂತೆ. ಉಪ್ಪು ಹಾಕಿದರೆ ಬಿಸಿ ಇಲ್ಲವಂತೆ. ನಾಲ್ಕು ಮಹಡಿ ಇಳಿದು ಹೋಗಿ ಬಿಸಿ ಮಾಡಿಸಿ ತಂದರೆ ಹಸಿವು ಹೋಯಿತಂತೆ. ಹಸಿವು ಹೋದರೆ ಮೂಗಿನಲ್ಲಿ ನಳಿಗೆ ಹಾಕಿ ಹೊಯ್ಯುತ್ತಾರೆ, ಬೇಕೇನು ಎಂದೆ. ಹಾಕಲಿ ಎಂದಳು. ಹಾಗೆ ಬೆಳಗೆಲ್ಲ ಜಗಳ. ಕಡೆಗೆ ಒಂದು ಬಟ್ಟಲು ಕುಡಿದಳು. ಎಮ್ಮೆ ಹಾಲು ಕೊಡುತ್ತಿದೆಯೋ ಇಲ್ಲವೋ, ಕಳಕಮ್ಮ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೋ ಇಲ್ಲವೋ ಎಂದು ವಿಚಾರಿಸಿದಳು. ಕಳಕಮ್ಮ ನನ್ನ ಮಗಳು, ಒಂಬತ್ತು ವರ್ಷ, ಅವಳನ್ನೂ ಎಮ್ಮೆಯನ್ನೂ ನೆರೆಮನೆಯವರಿಗೆ ಒಪ್ಪಿಸಿ ಬಂದಿದ್ದೇನೆ. ಮಗನ ಮುಂದೆ ಹಟ ಹಿಡಿದು ತನ್ನ ತಾಯಿಯ ಹೆಸರನ್ನು ನನ್ನ ಮಗಳಿಗೆ ಇಡಿಸಿದವಳು ಇವಳೇ. ಆ ಸಿಟ್ಟೂ ಹಾಗೇ ಇದೆ.

ನಳದ ಹತ್ತಿರ ಸರ್ದಾರಬೀ ಸಿಕ್ಕು, "ಅತ್ತಿ ಸೊಸಿ ಈಗ ಛಲೋ ಮಾತಾಡ್ತೀರಿ ಬಿಡ್ರಿ" ಎಂದರು.

ಮಾತೆಲ್ಲಿ ಬಂತು, ನಾವು ಮಾತಾಡುವುದಿಲ್ಲ ಎಂದೆ. ಅವರು ನಕ್ಕು ಕೊಡ ತುಂಬಿಕೊಂಡು ಹೋದರು. ಕೆಲವರಿಗೆ ಇನ್ನೊಬ್ಬರ ಮನೆಯ ವಿಷಯವೆಂದರೆ ಬಹಳ ಖುಷಿ.

ಆಗಸ್ಟ್ ೨೪, ರವಿವಾರ. ಸಂಜೆ

ನಿನ್ನೆ ಬರೆಯಲಿಲ್ಲ. ಜ್ವರ ಬಂದು ಮಲಗಿದ್ದೆ, ಸರ್ದಾರಬೀಯವರ ಚಾಪೆಯ ಮೇಲೆ. ಇವತ್ತು ಮೈ ಹಗುರಾಗಿದೆ. ಅವರ ತಾಯಿಯನ್ನು ಬೆಳಿಗ್ಗೆ ಮನೆಗೆ ಕಳಿಸಿದರು. ಪಕ್ಕದ ಹಾಸಿಗೆ ಖಾಲಿ.

ಅತ್ತೆಗೆ ದೊಡ್ಡ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಗೆ ಹಾಕಿದ್ದಾರೆ. ಇಂಜೆಕ್ಷನ್ ಇನ್ನೂ ನಾಲ್ಕು ದಿನ ಇದೆ. ಈ ತಡದ ಮೇಲೂ ಬದುಕಿದ್ದು ಅವರ ಗಟ್ಟಿತನ ಎಂದಳು ಡಾಕ್ಟರಮ್ಮ. ತಡ ಎನ್ನುವಾಗ ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡ ಮನಸ್ಸು.

ಸಂಜೆ ಐದಕ್ಕೆ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಕೇಳಿಯೇಬಿಟ್ಟೆ. ಯಮನೂರ ಫೋನ್ ಮಾಡಿದಾಗ ನನಗೆ ಯಾಕೆ ಹೇಳಲಿಲ್ಲ ಎಂದು. ಎದ್ದು ಹಿತ್ತಲಿಗೆ ಹೋಗಲು ಈಗ ಬರುವುದಿಲ್ಲ, ಕೈಗೆ ಸಲೈನ್ ಇದೆ. ಅವಳು ಗೋಡೆ ನೋಡಿದಳು, ಫ್ಯಾನು ನೋಡಿದಳು. ನಾನು ಏಳಲಿಲ್ಲ.

"ಇನ್ನ ನಾಕ ದಿನದ ನಾಟಿ ಇತ್ತು, ಆಳ ಸಿಕ್ಕಿರಲಿಲ್ಲ" ಎಂದಳು ಕಡೆಗೆ. "ಅವ್ವಗ ನೆಗಡಿ ಜ್ವರ ಅಂದ ನಿನ್ನ ತಮ್ಮ. ನಾಟಿ ಮುಗಿದ ಮ್ಯಾಲ ಕಳಿಸಿದ್ರಾತು ಅನ್ಕೊಂಡೆ. ಸತ್ತ ಸುದ್ದಿ ಬಂದ ಮ್ಯಾಲ ಏನಂತ ಹೇಳ್ಲಿ ನಾನು? ಬಾಯೇ ಬರಲಿಲ್ಲ."

ಅಷ್ಟೇ. ಹನ್ನೊಂದು ವರ್ಷ ನಾನು ಏನೇನು ಕಟ್ಟಿಕೊಂಡಿದ್ದೆ! ನನ್ನ ತವರಿನ ಮೇಲೆ ಹಗೆ ಎಂದುಕೊಂಡಿದ್ದೆ, ನಾನು ಕಲಿತವಳೆಂದು ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ನೋಡಿದರೆ ನಾಲ್ಕು ದಿನದ ನಾಟಿ ಮತ್ತು ಒಂದು ನೆಗಡಿ. ಹಗೆಯೇ ಇದ್ದಿದ್ದರೆ ಚೆನ್ನಾಗಿತ್ತು, ಬಡಿದಾಡಬಹುದಿತ್ತು. ಇದರ ಜೊತೆ ಏನು ಬಡಿದಾಡಲಿ? ಅವ್ವ ಹೋದಳಲ್ಲ, ಇಷ್ಟಕ್ಕೆ ಹೋದಳಲ್ಲ ಎಂದು ಅಳು ಬಂತು. ಅವಳ ಎದುರಿಗೇ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲು ಬರಲಿಲ್ಲ, ಅದಕ್ಕಾದರೂ ನಾಚಿಕೆ ಇಟ್ಟುಕೊಂಡಿದ್ದಾಳೆ.

ಕಣ್ಣು ಒರೆಸಿಕೊಂಡು ನನ್ನದನ್ನೂ ಹೇಳಿದೆ. "ಎಮ್ಮಿ ಮುಂದ ನೀ ಎದಿ ನೋವು ಅಂದಿದ್ದು ಅವತ್ತ ನನಗ ಕೇಳಿತ್ತು."

"ಗೊತ್ತೈತಿ" ಎಂದಳು. "ನಿನಗ ಕೇಳ್ಲಿ ಅಂತನ ಅಂದಿದ್ದೆ."

 ಹೊರಗೆ ಊಟದ ಗಾಡಿಯ ಸಪ್ಪಳ ಆಯಿತು. ಅತ್ತೆ ಮತ್ತೆ ಗೋಡೆಯ ಕಡೆ ಹೊರಳಿದಳು.

"ಉತ್ತರ ಸಿಕ್ತಲ್ಲ" ಎಂದಳು. "ಇನ್ನ ನಾ ಇದ್ದರೂ ಅಷ್ಟ, ಇಲ್ದಿದ್ದರೂ ಅಷ್ಟ."

ನನಗೆ ಸಿಟ್ಟು ಇಳಿದಿಲ್ಲ. ಅದು ಇಳಿಯುವಂಥದೂ ಅಲ್ಲ. ಸಂಜೆಯ ಹೊತ್ತು ಮೀರುತ್ತಿತ್ತು. ಪಟ್ಟಿಯಲ್ಲಿ ಎರಡು ಕ್ಯಾಪ್ಸೂಲು ಉಳಿದಿದ್ದವು, ಒಂದನ್ನು ಒಡೆದು ತೆಗೆದೆ. ಭುಜ ಹಿಡಿದು ಅವಳನ್ನು ನನ್ನ ಕಡೆ ಹೊರಳಿಸಿದೆ.

"ಬಾಯಿ ತೆರಿ" ಎಂದೆ.

ತೆರೆದಳು. ಒಳಗೆ ಹಾಕಿ ನೀರು ಕುಡಿಸಿದೆ. ನಾಲಿಗೆ ಎತ್ತು ಎಂದೆ. ಎತ್ತಿ ತೋರಿಸಿದಳು. 

ಕೆಳಗೆ ಏನೂ ಇರಲಿಲ್ಲ.